ಕಾಂಡ್ಲಾ ಸಸಿ ಸಾಯ್ತಿದೆಯಾ? ಮತ್ತೆ ನೆಡುವ ಮೊದಲು ಇದನ್ನು ನೋಡಿ

ಮೊದಲ ಮಳೆಗಾಲದಲ್ಲಿ ನಾವು ಕಾಂಡ್ಲಾ (ಮ್ಯಾಂಗ್ರೋವ್) ನೆಟ್ಟಿದ್ದು ಹೊಳೆಯಂಚಿನ ಕೆಸರು ಬಯಲಲ್ಲಿ. ಜಾಗ ಖಾಲಿ ಇತ್ತು, ಯಾರ ತಕರಾರೂ ಇರಲಿಲ್ಲ, ಫೋಟೋ ತೆಗೆಯಲಿಕ್ಕೂ ಚೆನ್ನಾಗಿತ್ತು. ದೀಪಾವಳಿ ಹೊತ್ತಿಗೆ ನೆಟ್ಟ ಒಂದೊಂದು ಕೋಲಿಗೂ (ಕಾಂಡ್ಲಾದ ಉದ್ದ ಕಾಯಿ) ಬಿಳಿ ಚಿಪ್ಪು ಮೆತ್ತಿಕೊಂಡು, ಭಾರಕ್ಕೆ ಬಾಗಿ, ಎಲ್ಲವೂ ಕೆಸರಲ್ಲಿ ಮಲಗಿದ್ದವು. ಪಕ್ಕದಲ್ಲೇ ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುತ್ತಿದ್ದ ಅಜ್ಜಿಯೊಬ್ಬರು ಬಗ್ಗಿದ ಬೆನ್ನು ಎತ್ತದೆಯೇ ಹೇಳಿದರು: “ತಮಾ, ಬಳಚು ಸಿಗುವ ಜಾಗದಲ್ಲಿ ಮರ ಎಲ್ಲಿ ಆಗ್ತದೆ? ಆಗೂದಾದ್ರೆ ಇಷ್ಟು ವರ್ಷ ಸುಮ್ನೆ ಇರ್ತಿತ್ತಾ?”

ನಾವು ಕೇಳಬೇಕಿದ್ದ ಪ್ರಶ್ನೆ ಅದೇ. ಕಾಂಡ್ಲಾ ಕಾಯಿ ನೀರಲ್ಲಿ ತೇಲಿ ಊರೆಲ್ಲ ಸುತ್ತುತ್ತದೆ. ಒಂದು ಜಾಗದಲ್ಲಿ ಅದು ತಾನಾಗಿ ಬೇರು ಬಿಟ್ಟಿಲ್ಲ ಅಂದರೆ ಏನೋ ಒಂದು ಅಡ್ಡಿ ಇದೆ. ಆ ಅಡ್ಡಿ ಹುಡುಕದೆ ಮತ್ತೆ ಮತ್ತೆ ನೆಟ್ಟರೆ ಮತ್ತೆ ಮತ್ತೆ ಸಾಯುತ್ತದೆ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಫಿಲಿಪ್ಪೀನ್ಸ್‌ನಲ್ಲಿ ವರ್ಷಗಟ್ಟಲೆ ಹಣ ಸುರಿದು ನೆಟ್ಟದ್ದರಲ್ಲಿ ಬದುಕಿದ್ದು ನೂರಕ್ಕೆ ಹತ್ತಿಪ್ಪತ್ತು ಎಂದು 2008ರ ಒಂದು ಪರಿಶೀಲನೆ ಹೇಳಿತು. ಅಲ್ಲೂ ದೊಡ್ಡ ತಪ್ಪು ನಮ್ಮದೇ: ಖಾಲಿ ಕಂಡ ಕೆಸರಲ್ಲಿ ನೆಟ್ಟಿದ್ದು. ಶ್ರೀಲಂಕಾದಲ್ಲಿ 2004ರ ಸುನಾಮಿ ನಂತರ ನೆಟ್ಟ 23 ಜಾಗಗಳನ್ನು ಆಮೇಲೆ ಹೋಗಿ ನೋಡಿದಾಗ 9 ಕಡೆ ಒಂದು ಸಸಿಯೂ ಉಳಿದಿರಲಿಲ್ಲ. ಅರ್ಧಕ್ಕಿಂತ ಜಾಸ್ತಿ ಬದುಕಿದ್ದು 3 ಕಡೆ ಮಾತ್ರ.

ಕೆಳಗಿನದು ಕಣ್ಣಿಗೆ ಕಾಣುವ ಲಕ್ಷಣದಿಂದ ಕಾರಣಕ್ಕೆ ಹೋಗುವ ದಾರಿ. ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಕೊನೆಗೆ. ಉದಾಹರಣೆಗಳು ಹೆಚ್ಚಾಗಿ ಕಾರವಾರದಿಂದ ಕುಂದಾಪುರದವರೆಗಿನ ಅಳಿವೆಗಳವು. ಹೆಸರಿನ ಗೊಂದಲ ಬೇಡ ಅಂತ ಒಂದು ಮಾತು: ಉದ್ದ ಕೋಲಿನಂಥ ಕಾಯಿ ಬಿಟ್ಟು ಕಮಾನು ಬೇರಿನ ಮೇಲೆ ನಿಲ್ಲುವ ರೈಜೋಫೊರಾವನ್ನು ಇಲ್ಲಿ ಕೋಲು ಕಾಂಡ್ಲಾ ಅನ್ನುತ್ತೇನೆ. ಪೆನ್ಸಿಲಿನಂಥ ಉಸಿರು ಬೇರು ಮೇಲೆದ್ದು ನಿಲ್ಲುವ ಅವಿಸೆನಿಯಾಕ್ಕೆ ಉಪ್ಪಟಿ. ಬರೀ ಕಾಂಡ್ಲಾ ಅಂದರೆ ಎಲ್ಲವೂ ಸೇರಿ.

ಕೆಸರಿಗೆ ಇಳಿಯುವ ಮೊದಲು

ಒಬ್ಬರೇ ಹೋಗಬೇಡಿ. ನೀರು ಇಳಿಯುತ್ತಿರುವಾಗ ಹೋಗಿ, ತಿರುಗಿ ಏರಲು ಶುರುವಾಯಿತೋ, ಕೆಲಸ ಅರ್ಧಕ್ಕೇ ಇದ್ದರೂ ಹೊರಡಿ. ನೀವು ಎದುರಿಗಿನ ಹೊಳೆ ನೋಡುತ್ತಾ ನಿಂತಿರುತ್ತೀರಿ, ನೀರು ಹಿಂದಿನ ಸಣ್ಣ ಕಾಲುವೆಯಲ್ಲಿ ತುಂಬಿ ದಾರಿ ಮುಚ್ಚಿರುತ್ತದೆ.

ಮೊಣಕಾಲು ಮೀರಿ ಹುಗಿದರೆ ಕಾಲು ಜಗ್ಗಬೇಡಿ. ಹಿಂದಕ್ಕೆ ಒರಗಿ, ಮೈಭಾರ ಅಗಲಕ್ಕೆ ಹಂಚಿ, ಕಾಲನ್ನು ಸಣ್ಣಗೆ ಅಲ್ಲಾಡಿಸುತ್ತಾ ನಿಧಾನಕ್ಕೆ ಬಿಡಿಸಿ. ಒಂದು ಹಲಗೆ ಜೊತೆಗಿರಲಿ. ಚಪ್ಪಲಿ ಕೆಸರಲ್ಲೇ ಉಳಿಯುತ್ತದೆ, ಲೇಸು ಬಿಗಿದ ಹಳೇ ಕ್ಯಾನ್ವಾಸ್ ಶೂ ಸರಿ. ಬೇರಿಗೆ ಅಂಟಿದ ಕಲುವದ (ಸಿಂಪಿ ಚಿಪ್ಪಿನ) ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಟಿಟಿ ಇಂಜೆಕ್ಷನ್ ಆಗಿದೆಯಾ ನೋಡಿಕೊಳ್ಳಿ. ನೀರಲ್ಲಿ ನಡೆಯುವಾಗ ಪಾದ ಎತ್ತಿ ಇಡದೆ ಎಳೆದು ಇಡಿ, ತೊರಕೆ ಮೀನು ಇದ್ದರೆ ಸರಿದು ಹೋಗುತ್ತದೆ. ಅದರ ಮುಳ್ಳು ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಲ್ಲಿ ಕಾಲಿಟ್ಟು, ಆಸ್ಪತ್ರೆಗೆ ಹೋಗಿ.

ಎಲೆ ಕಿತ್ತರೆ ಬಿಳಿ ಹಾಲು ಬರುವ ಎಕ್ಸ್‌ಕೋಕೇರಿಯಾ ಮರವೂ ನಮ್ಮ ಕಾಂಡ್ಲಾ ವನಗಳಲ್ಲಿದೆ. ಆ ಹಾಲು ಕಣ್ಣಿಗೆ ಬಿದ್ದರೆ ತುಂಬಾ ಹೊತ್ತು ಸಿಹಿನೀರಲ್ಲಿ ತೊಳೆದು ಸೀದಾ ವೈದ್ಯರ ಬಳಿ ಹೋಗಬೇಕು. ದೃಷ್ಟಿಗೇ ಕುತ್ತು. ಮಳೆಗಾಲದಲ್ಲಿ ಗಾಯದ ಕಾಲಿಟ್ಟುಕೊಂಡು ಇಳಿಯಬೇಡಿ, ಇಲಿಜ್ವರ ನಮ್ಮ ಕರಾವಳಿಗೆ ಹೊಸದಲ್ಲ. ಕೆಸರಿಗೆ ಇಳಿದ ಕೆಲವು ದಿನಗಳಲ್ಲಿ ಜ್ವರ, ಮೈಕೈ ನೋವು ಬಂದರೆ ಕೆಸರಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ಹೇಳಿ. ಗುಡುಗು ಕೇಳಿದರೆ ಬಯಲು ಬಿಡಿ.

ಲಕ್ಷಣ: ಎರಡು ತಿಂಗಳಾದರೂ ಚಿಗುರಿಲ್ಲ, ಅಥವಾ ಮೊದಲ ವಾರದಲ್ಲೇ ಎಲೆ ಉದುರಿತು

ಒಂದೆರಡನ್ನು ಕಿತ್ತು ನೋಡಿ. ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ, ಆದರೆ ಯಾಕೋ ಯಾರೂ ಮಾಡುವುದಿಲ್ಲ.

ನಗಬೇಡಿ, ಮೊದಲು ನೋಡಬೇಕಾದ್ದು ಕೋಲು ತಲೆಕೆಳಗಾಗಿದೆಯಾ ಅಂತ. ಶಾಲೆ ಮಕ್ಕಳು, ಕಾಲೇಜಿನವರು ಬಂದು ನೆಟ್ಟ ದಿನ ಇದು ಆಗಿಯೇ ಆಗುತ್ತದೆ. ಕಾಯಿ ತಾಯಿಮರಕ್ಕೆ ಅಂಟಿದ್ದ ತುದಿಯಲ್ಲಿ ಸಣ್ಣ ಮೊಗ್ಗು ಇರುತ್ತದೆ, ಅದು ಮೇಲೆ ಬರಬೇಕು. ಚೂಪು ತುದಿ ಕೆಳಗೆ, ಉದ್ದದಲ್ಲಿ ಮೂರನೇ ಒಂದು ಭಾಗದಷ್ಟು ಕೆಸರೊಳಗೆ.

ಆಮೇಲೆ ಕೋಲಿನ ಮೈ ನೋಡಿ. ಗುಂಡುಸೂಜಿ ಚುಚ್ಚಿದಂಥ ತೂತು, ಅದರಿಂದ ಕಂದು ಹುಡಿ ಬಂದಿದ್ದರೆ ಸಣ್ಣ ದುಂಬಿ ಕೊರೆದಿದೆ. ಅದು ಚಿಗುರುವುದಿಲ್ಲ. ಕಾಯಿ ಆರಿಸುವಾಗಲೇ ಬಿಸಾಡಬೇಕಿತ್ತು. ಎಳೆಕಾಯಿ ಕಿತ್ತು ತಂದಿದ್ದರೂ ಹೀಗೇ. ಬಲಿತ ಕಾಯಿಯ ಕುತ್ತಿಗೆಯಲ್ಲಿ ಹಳದಿ ಪಟ್ಟಿ ಕಾಣುತ್ತದೆ, ಸ್ವಲ್ಪ ತಿರುಚಿದರೆ ಕೈಗೆ ಬರುತ್ತದೆ. ಜಗ್ಗಿ ಕೀಳಬೇಕಾದರೆ ಅದಿನ್ನೂ ಆಗಿಲ್ಲ.

ನರ್ಸರಿ ಕವರಿನಲ್ಲಿ ಬೆಳೆಸಿದ ಸಸಿಯಾಗಿದ್ದರೆ ಬುಡದಲ್ಲಿ ಪ್ಲಾಸ್ಟಿಕ್ ಕವರ್ ಹಾಗೇ ಇದೆಯಾ ನೋಡಿ. ಕತ್ತಲಾಗುವ ಮೊದಲು ಮುಗಿಸಬೇಕು ಅಂತ ಕವರ್ ಸಮೇತ ಹೂತಿದ್ದನ್ನು ಕಂಡಿದ್ದೇನೆ. ಕವರ್ ತೆಗೆದಿದ್ದೂ ಎಲೆ ಉದುರಿದರೆ ನರ್ಸರಿಯಲ್ಲಿ ಯಾವ ನೀರು ಹಾಕಿದ್ದರು ಕೇಳಿ. ಆರು ತಿಂಗಳು ಬಾವಿನೀರು ಕುಡಿದ ಸಸಿಯನ್ನು ಒಂದೇ ದಿನ ಉಪ್ಪುನೀರಿಗೆ ತಂದರೆ ಅದು ತಡೆಯುವುದಿಲ್ಲ. ಕೊನೆಯ ಕೆಲವು ವಾರ ಹೊಳೆಯ ನೀರನ್ನೇ ಸ್ವಲ್ಪ ಸ್ವಲ್ಪ ಬೆರೆಸಿ ರೂಢಿ ಮಾಡಿಸಬೇಕು.

ಇವೆಲ್ಲ ಸರಿ ಇದ್ದರೆ ಸಸಿಯಲ್ಲಿ ದೋಷ ಇಲ್ಲ. ಜಾಗದಲ್ಲಿದೆ. ಮುಂದೆ ಹೋಗೋಣ.

ಲಕ್ಷಣ: ತುದಿ ಕತ್ತರಿಸಿದೆ, ಎಲೆ ತಿಂದಿದೆ, ತೊಗಟೆ ಸುತ್ತಲೂ ಕೆರೆದಿದೆ

ಯಾರು ತಿಂದರು ಅನ್ನುವುದು ಗಾಯದಲ್ಲೇ ಬರೆದಿರುತ್ತದೆ. ಮೊಣಕಾಲಿಗಿಂತ ಮೇಲೆ, ಎಳೆದು ಹರಿದಂತಿದ್ದರೆ ದನ, ಎಮ್ಮೆ. ಪಕ್ಕದಲ್ಲಿ ಗೊರಸಿನ ಗುರುತೂ ಸಿಗುತ್ತದೆ. ಉಪ್ಪಟಿ ಎಲೆ ದನಗಳಿಗೆ ಬಲು ಇಷ್ಟ, ಹಿಂದೆ ಜನರೇ ಕೊಯ್ದು ಹಾಕುತ್ತಿದ್ದರು. ಇದಕ್ಕೆ ಮುಳ್ಳುತಂತಿಗಿಂತ ದನ ಬಿಡುವವರ ಜೊತೆ ಒಂದು ಮಾತು ಹೆಚ್ಚು ಕೆಲಸ ಮಾಡುತ್ತದೆ. ಮೊದಲ ಎರಡು ಮೂರು ವರ್ಷ ದಾಟಿಸಿದರೆ ಸಾಕು.

ನೆಲದ ಹತ್ತಿರ ಉಂಗುರದಂತೆ ತೊಗಟೆ ಹೋಗಿದ್ದರೆ ಏಡಿ. ಒಂದಿಷ್ಟು ಏಡಿ ಕಾಟ ಎಲ್ಲಾ ಕಾಂಡ್ಲಾದಲ್ಲೂ ಇರುತ್ತದೆ. ಅದೇ ಏಡಿ ನೆಲ ಕೊರೆದು ಬೇರಿಗೆ ಗಾಳಿ ಕೊಡುವುದು, ಅದನ್ನು ಕೊಲ್ಲಲು ಹೋಗಬೇಡಿ. ತೀರಾ ಜಾಸ್ತಿ ಇದ್ದರೆ ಕೋಲಿನ ಬದಲು ಸ್ವಲ್ಪ ಬೆಳೆದು ಗಟ್ಟಿಯಾದ ಸಸಿ ಹಾಕಿ.

ಮಳೆಗಾಲ ಮುಗಿಯುವ ಹೊತ್ತಿಗೆ ಉಪ್ಪಟಿ ಮರಗಳೆಲ್ಲ ಒಂದೇ ವಾರದಲ್ಲಿ ಬೋಳಾಗಿ, ಎಲೆಯ ನರ ಮಾತ್ರ ಉಳಿದಿದ್ದರೆ ಅದು ತೇಗದ ಎಲೆ ತಿನ್ನುವ ಹುಳುವೇ. ಮುಂಬೈ ಕಡೆಯ ಕಾಂಡ್ಲಾದಲ್ಲಿ ಇದರ ಕಾಟ ಮತ್ತೆ ಮತ್ತೆ ಕಂಡಿದೆ. ನೋಡಲು ಸುಟ್ಟ ಕಾಡಿನ ಹಾಗಿದ್ದರೂ ಕೆಲವೇ ವಾರದಲ್ಲಿ ಚಿಗುರುತ್ತದೆ. ಔಷಧಿ ಹೊಡೆಯಲೇಬೇಡಿ. ಕೆಳಗಿರುವ ಸಿಗಡಿ, ಏಡಿ, ಮೀನುಮರಿ ಸಾಯುತ್ತವೆ, ಹುಳು ಮುಂದಿನ ವರ್ಷ ಮತ್ತೆ ಬರುತ್ತದೆ.

ಲಕ್ಷಣ: ಸಸಿಯೇ ಇಲ್ಲ

ಗುಂಡಿ ಬಾಯಿ ಅಗಲವಾಗಿ, ಸುತ್ತಲಿನ ಕೆಸರೂ ತೊಳೆದು ಹೋಗಿದ್ದರೆ ಅಲೆ. ಸಾಲಿನಲ್ಲಿ ಅಲ್ಲಲ್ಲಿ ಮಾತ್ರ ಕಾಣೆಯಾಗಿ, ಉಳಿದವಕ್ಕೆ ಬಲೆ ಚೂರು, ಪ್ಲಾಸ್ಟಿಕ್, ಹಸಿರು ಪಾಚಿ ಸುತ್ತಿಕೊಂಡಿದ್ದರೆ ತೇಲಿ ಬಂದ ಕಸ ಎಳೆದುಕೊಂಡು ಹೋಗಿದೆ. ಕಸಕ್ಕೆ ಮದ್ದು ಸುಲಭ: ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರ ಮುಗಿದ ಮೇಲೆ ಒಮ್ಮೆ ಹೋಗಿ ಬಿಡಿಸಿ ಬನ್ನಿ. ಅಲೆಯಾದರೆ ಸುಲಭ ಇಲ್ಲ, ಕೆಳಗೆ ದಡ ಕುಸಿಯುವುದರ ಭಾಗ ಓದಿ. ಗೂಟ ಹೊಡೆದು ಸಸಿ ಕಟ್ಟುವುದು ಒಂದು ತಿಂಗಳ ಸಮಾಧಾನ ಅಷ್ಟೇ. ಗೂಟದ ಜೊತೆಗೇ ಹೋಗುತ್ತದೆ.

ಲಕ್ಷಣ: ಕಾಂಡಕ್ಕೆ ಚಿಪ್ಪು ಮೆತ್ತಿದೆ, ಸಸಿ ಬಾಗಿದೆ, ಎಲೆ ಎರಡಕ್ಕಿಂತ ಜಾಸ್ತಿ ಆಗುತ್ತಲೇ ಇಲ್ಲ

ನಮಗಾದದ್ದು ಇದೇ. ನನ್ನ ಲೆಕ್ಕದಲ್ಲಿ ಕಾಂಡ್ಲಾ ನೆಡುವವರು ಮಾಡುವ ತಪ್ಪಿನಲ್ಲಿ ದೊಡ್ಡದೂ ಇದೇ: ತೀರಾ ಕೆಳಗೆ ನೆಡುವುದು.

ಆ ಬಿಳಿ ಚಿಪ್ಪು ಬಾರ್ನಕಲ್. ಅದು ಸಮುದ್ರದ ಪ್ರಾಣಿ, ತುಂಬಾ ಹೊತ್ತು ನೀರಲ್ಲಿ ಇರುವ ಜಾಗ ಅದಕ್ಕೆ ಬೇಕು. ಎಳೆ ಸಸಿಯ ಕುತ್ತಿಗೆಯವರೆಗೆ ಅದು ಹತ್ತಿದೆ ಅಂದರೆ ಸಸಿ ದಿನದ ಬಹುಪಾಲು ಮುಳುಗೇ ಇದೆ ಅಂತ ಅರ್ಥ. ಜನ ಕತ್ತಿಯಿಂದ ಕೆರೆದು ತೆಗೆಯುತ್ತಾರೆ. ತೊಗಟೆ ಗಾಯವಾಗುತ್ತದೆ, ಮುಂದಿನ ತಿಂಗಳು ಅಷ್ಟೇ ಚಿಪ್ಪು ಮತ್ತೆ ಇರುತ್ತದೆ. ದೊಡ್ಡ ಮರದ ಬುಡದಲ್ಲಿ ಅಲ್ಲೊಂದು ಇಲ್ಲೊಂದು ಇದ್ದರೆ ತೊಂದರೆ ಇಲ್ಲ.

ಕಾಂಡ್ಲಾ ಉಪ್ಪುನೀರಿನ ಮರ ನಿಜ, ನೀರೊಳಗಿನ ಮರ ಅಲ್ಲ. ಸಮುದ್ರದ ಸರಾಸರಿ ಮಟ್ಟದಿಂದ ಹಿಡಿದು ದೊಡ್ಡ ಉಬ್ಬರ ಮುಟ್ಟುವ ಗೆರೆಯವರೆಗಿನ ಪಟ್ಟಿಯಲ್ಲಿ ಅದು ಬೆಳೆಯುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಜೀವಮಾನವಿಡೀ ಇದೇ ಕೆಲಸ ಮಾಡಿದ ರಾಬಿನ್ ಲೂಯಿಸ್ ಕೊಟ್ಟ ಅಂದಾಜು: ನೆಲ ಒಟ್ಟು ಸಮಯದ ನೂರಕ್ಕೆ 30 ಪಾಲು ಅಥವಾ ಅದಕ್ಕಿಂತ ಕಡಿಮೆ ಮುಳುಗಿರಬೇಕು. ದಿನಕ್ಕೆ ಲೆಕ್ಕ ಹಾಕಿದರೆ ಏಳು ಗಂಟೆ ಆಸುಪಾಸು. ಉಳಿದ ಹದಿನೇಳು ಗಂಟೆ ನೆಲ ತೆರೆದಿರಬೇಕು.

ನಮ್ಮ ಕಡೆ ಇದು ಇನ್ನೂ ಸೂಕ್ಷ್ಮ. ಸುಂದರಬನದಲ್ಲೋ ಖಂಭಾತ ಕೊಲ್ಲಿಯಲ್ಲೋ ನೀರು ಹಲವು ಮೀಟರ್ ಏರಿಳಿಯುತ್ತದೆ. ಕಾರವಾರ, ಮಂಗಳೂರಿನಲ್ಲಿ ಅಮಾವಾಸ್ಯೆ ಹುಣ್ಣಿಮೆಗೂ ಅದು ಎರಡು ಮೀಟರ್ ಆಸುಪಾಸು ಅಥವಾ ಕಡಿಮೆ. ಅದರ ಮೇಲರ್ಧ ಮಾತ್ರ ಕಾಂಡ್ಲಾದ ಪಾಲು. ಅಂದರೆ ಎತ್ತರದಲ್ಲಿ ಒಂದು ಗೇಣು ತಪ್ಪಿದರೂ ಸಸಿ ಬದುಕುವ ಪಟ್ಟಿಯಿಂದ ಹೊರಗೆ ಬೀಳಬಹುದು.

ಪರೀಕ್ಷೆ ಹೀಗೆ. ಒಂದು ಗೂಟಕ್ಕೆ ಅಡ್ಡಗೆರೆ ಬಳಿದು ಸಸಿಗಳ ನಡುವೆ ನಿಲ್ಲಿಸಿ. ಬೆಳಗಿನಿಂದ ಸಂಜೆವರೆಗೆ ಅರ್ಧ ಗಂಟೆಗೊಮ್ಮೆ ನೀರು ಎಲ್ಲಿದೆ ಬರೆದುಕೊಳ್ಳಿ. ಒಂದು ದಿನ ಸಾಲದು. ಅಷ್ಟಮಿ ಹೊತ್ತಿಗೆ ಉಬ್ಬರ ಸಣ್ಣದು, ಹುಣ್ಣಿಮೆಗೆ ದೊಡ್ಡದು, ಎರಡನ್ನೂ ನೋಡಿ. ಬೇಸರದ ಕೆಲಸ, ಗೊತ್ತು. ನಾವು ನಾಲ್ಕು ಜನ ಸರದಿ ಹಾಕಿ, ಚಹಾ ಫ್ಲಾಸ್ಕ್ ಇಟ್ಟುಕೊಂಡು ಕೂತಿದ್ದೆವು.

ಅಷ್ಟು ತಾಳ್ಮೆ ಇಲ್ಲವಾದರೆ ಗಾರೆ ಕೆಲಸದವರ ಬಳಿ ಇರುವ ಮಟ್ಟದ ಪೈಪು ತನ್ನಿ. ಹತ್ತಿರದಲ್ಲಿ ತಾನಾಗಿ ಬೆಳೆದ ಕಾಂಡ್ಲಾ ಎಲ್ಲಿದೆ ಹುಡುಕಿ. ಅದರ ಹೊಳೆಬದಿ ಅಂಚಿನಲ್ಲಿ ತಾವಾಗಿ ಹುಟ್ಟಿದ ಮರಿಸಸಿಗಳು ಇರುವ ಅತಿ ತಗ್ಗಿನ ಜಾಗ ಗುರುತು ಮಾಡಿ. ಪೈಪಲ್ಲಿ ಗುಳ್ಳೆ ಇಲ್ಲದಂತೆ ನೀರು ತುಂಬಿಸಿ, ಆ ಜಾಗಕ್ಕೂ ನೀವು ನೆಟ್ಟ ಜಾಗಕ್ಕೂ ಎತ್ತರ ಹೋಲಿಸಿ. ದೂರ ಜಾಸ್ತಿ ಇದ್ದರೆ ನಡುವೆ ಗೂಟ ಹೊಡೆದು ಹಂತ ಹಂತವಾಗಿ ಅಳೆಯಿರಿ. ನಮ್ಮದು ಒಂದೂವರೆ ಗೇಣು ತಗ್ಗಿತ್ತು. ಅಜ್ಜಿ ಪೈಪಿಲ್ಲದೆ ಹೇಳಿದ್ದು ಸರಿ ಇತ್ತು.

ತಗ್ಗು ಅಂತ ಗೊತ್ತಾದರೆ ಮಣ್ಣು ತಂದು ಸುರಿದು ಎತ್ತರಿಸಲು ಹೋಗಬೇಡಿ. ಅನುಮತಿ ಇಲ್ಲದೆ ಅದು ಅಪರಾಧ, ಅಲೆಗೆ ನಿಲ್ಲುವುದೂ ಇಲ್ಲ. ಬಳಚಿನ ಜಾಗವನ್ನು ಬಳಚಿಗೇ ಬಿಟ್ಟು ಒಳಗೆ ಸರಿಯಿರಿ. ಒಳಗೆ ಯಾರದೋ ಗಜನಿ (ಉಪ್ಪುನೀರು ಬರುವ ತಗ್ಗು ಗದ್ದೆ), ಯಾರದೋ ಸಿಗಡಿ ಕೆರೆ, ಯಾವುದೋ ರಸ್ತೆ ಇರುತ್ತದೆ ಅನ್ನುವುದೂ ನಿಜ. ಕಾಂಡ್ಲಾ ಆಗುವ ಜಾಗ ನೆಡಲು ಸಿಗುವುದಿಲ್ಲ, ಸಿಗುವ ಜಾಗದಲ್ಲಿ ಕಾಂಡ್ಲಾ ಆಗುವುದಿಲ್ಲ. ಹಾಗಾಗಿಯೇ ಎಲ್ಲರೂ ಹೊರಗಿನ ಕೆಸರಿಗೆ ಇಳಿಯುವುದು. ಈ ತಂಟೆ ಬಿಡಿಸಲು ಪಂಚಾಯಿತಿಯಲ್ಲಿ ಕೂತು ಮಾತಾಡಬೇಕು, ನರ್ಸರಿಗೆ ಇನ್ನೊಂದು ಆರ್ಡರ್ ಕೊಟ್ಟರೆ ಆಗುವುದಿಲ್ಲ.

ಲಕ್ಷಣ: ಎಲೆ ಅಂಚು ಸುಟ್ಟಿದೆ, ಸಸಿ ಕುಳ್ಳು, ನೆಲದ ಮೇಲೆ ಬಿಳಿ ಪೊರೆ, ಅಥವಾ ಕಪ್ಪು ಕೆಸರು, ಕೊಳೆತ ಮೊಟ್ಟೆ ವಾಸನೆ

ಇವೆರಡು ಬೇರೆ ಬೇರೆ ಕಂಡರೂ ಅಕ್ಕತಂಗಿಯರು. ಎರಡರಲ್ಲೂ ನೀರು ಬರುತ್ತದೆ, ಹೊರಗೆ ಹೋಗುವುದಿಲ್ಲ. ನಿಂತ ನೀರು ಬಿಸಿಲಿಗೆ ಆರಿದರೆ ಉಪ್ಪು ಉಳಿಯುತ್ತದೆ. ಆರದೆ ನಿಂತರೆ ಕೆಸರಿಗೆ ಗಾಳಿ ಸಿಗದೆ ಗಂಧಕದ ನಾತ ಏಳುತ್ತದೆ, ಬೇರು ಕೊಳೆಯುತ್ತದೆ.

ಗಾಬರಿಗೆ ಮೊದಲು ಒಂದು ಮಾತು. ಉಪ್ಪಟಿ ಎಲೆ ಮೇಲೆ ಸಣ್ಣ ಉಪ್ಪಿನ ಹರಳು ಕಂಡರೆ ಅದು ರೋಗ ಅಲ್ಲ, ಆ ಮರ ಉಪ್ಪನ್ನು ಹೊರಹಾಕುವುದೇ ಎಲೆಯಿಂದ. ಕೋಲು ಕಾಂಡ್ಲಾದ ಹಳೇ ಎಲೆ ಒಂದೆರಡು ಹಳದಿಯಾಗಿ ಬೀಳುವುದೂ ಸಹಜ. ಕಾಂಡ್ಲಾ ಕೆಸರಲ್ಲಿ ಸ್ವಲ್ಪ ನಾತ ಯಾವಾಗಲೂ ಇರುತ್ತದೆ. ಹೊಸ ಎಲೆಗಳೇ ಸಣ್ಣದಾಗಿ, ದಪ್ಪಗೆ, ಅಂಚು ಕಂದಾಗಿ ಬರುತ್ತಿದ್ದರೆ ಮಾತ್ರ ಚಿಂತೆ.

ಮೊದಲ ಪರೀಕ್ಷೆಗೆ ಬರೀ ಕಣ್ಣು ಸಾಕು. ಇಳಿತದಲ್ಲಿ, ನೀರು ಪೂರ್ತಿ ಹೋದ ಮೇಲೆ, ಎಲ್ಲಿ ನೀರು ನಿಂತಿದೆ ನೋಡಿ. ಸತ್ತ ಸಸಿಗಳೂ ಆ ಹೊಂಡಗಳೂ ಒಂದೇ ಕಡೆ ಇದ್ದರೆ ಉತ್ತರ ಸಿಕ್ಕಿತು. ಎರಡನೆಯದು, ಒಂದು ಅಡಿ ಆಳ ಗುಂಡಿ ತೋಡಿ, ಒಸರಿ ಬರುವ ನೀರಿನ ಉಪ್ಪು ಅಳೆಯುವುದು. ಸಿಗಡಿ ಕೆರೆ ಮಾಡುವವರ ಬಳಿ ರಿಫ್ರ್ಯಾಕ್ಟೋಮೀಟರ್ ಇರುತ್ತದೆ, ಎರಡು ಹನಿ ಸಾಕು. ಸಮುದ್ರದ ನೀರು ಸಾವಿರಕ್ಕೆ 35. ಗುಂಡಿ ನೀರು ಅದಕ್ಕಿಂತ ಕಡಿಮೆ ಇದ್ದರೆ ಉಪ್ಪಿನ ಮೇಲೆ ತಪ್ಪು ಹೊರಿಸಬೇಡಿ. 50 ದಾಟಿದ್ದರೆ ಕೋಲು ಕಾಂಡ್ಲಾ ಮರೆತುಬಿಡಿ. ಅಳೆಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗಸ್ಟಿನಲ್ಲಿ ಅಳೆದರೆ ಹೊಳೆ ಪೂರ್ತಿ ಸಿಹಿಯಾಗಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಇದಕ್ಕೆ ಒಳ್ಳೆಯ ಪಾಠ ತಮಿಳುನಾಡಿನ ಪಿಚಾವರಂನದು. ಅಲ್ಲಿ ಬ್ರಿಟಿಷರ ಕಾಲದಿಂದ ಪಟ್ಟಿ ಪಟ್ಟಿಯಾಗಿ ಕಾಡು ಬೋಳಿಸುತ್ತಿದ್ದರು. ಬೋಳಾದ ನೆಲ ಬಿಸಿಲಿಗೆ ಒಣಗಿ ತಟ್ಟೆಯಂತೆ ತಗ್ಗಾಯಿತು. ಉಬ್ಬರದ ನೀರು ಒಳಗೆ ಬಂದು ಅಲ್ಲೇ ನಿಂತು ಆರಿ, ಉಪ್ಪು ಏರಿತು, ಹೊಸ ಸಸಿ ಹುಟ್ಟಲೇ ಇಲ್ಲ. 1990ರ ದಶಕದಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಮತ್ತು ಅಲ್ಲಿನ ಅರಣ್ಯ ಇಲಾಖೆ ಸೇರಿ ಮೀನಿನ ಮುಳ್ಳಿನ ಆಕಾರದಲ್ಲಿ ಕಾಲುವೆ ತೋಡಿಸಿದರು. ನಡುವೆ ದೊಡ್ಡದು, ಎರಡೂ ಬದಿಗೆ ಓರೆಯಾಗಿ ಸಣ್ಣವು. ನೀರು ಬಂದು ಹೋಗಲು ಶುರುವಾಯಿತು, ಉಪ್ಪು ತೊಳೆಯಿತು, ಕಾಲುವೆಯ ಇಳಿಜಾರಿನಲ್ಲಿ ನೆಟ್ಟದ್ದು ಹಿಡಿಯಿತು.

ಲೂಯಿಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಫ್ಲಾರಿಡಾದ ವೆಸ್ಟ್ ಲೇಕ್‌ನಲ್ಲಿ 1980ರ ದಶಕದಲ್ಲಿ ಶುರುವಾದ, ಸುಮಾರು 500 ಹೆಕ್ಟೇರಿನ ಕೆಲಸದಲ್ಲಿ ನೆಲದ ಮಟ್ಟ ಮತ್ತು ನೀರಿನ ದಾರಿ ಸರಿ ಮಾಡಿದರು. ಕಾಂಡ್ಲಾ ತಾನಾಗಿ ತೇಲಿ ಬಂತು.

ನಮ್ಮ ಗಜನಿಗಳಲ್ಲಿ ಮೊದಲು ನೋಡಬೇಕಾದ್ದು ಜಂತ್ರಡಿ, ಅಂದರೆ ಕಟ್ಟಿನಲ್ಲಿ ನೀರು ಬಿಡುವ ಹಲಗೆ ಬಾಗಿಲು. ಹಲಗೆ ಮುರಿದು ಕೂತಿದೆಯಾ, ಬಾಯಿಗೆ ಹೂಳು ತುಂಬಿದೆಯಾ, ಒಳಗಿನವರು ಸಿಗಡಿಗಾಗಿ ಮುಚ್ಚಿಯೇ ಇಟ್ಟಿದ್ದಾರಾ? ಹೂಳು ತೆಗೆಯುವುದು, ಕಸ ಬಿಡಿಸುವುದು ನಾಲ್ಕು ಜನರ ಎರಡು ದಿನದ ಕೆಲಸ. ಬಾಗಿಲು ತೆರೆಯುವುದು ಮಾತ್ರ ನಿಮ್ಮ ಕೈಯಲ್ಲಿಲ್ಲ. ಒಳಗೆ ಯಾರಾದರೂ ಉಪ್ಪು ತಡೆಯುವ ಕಗ್ಗ ಭತ್ತ ಬಿತ್ತಿದ್ದರೆ ಉಪ್ಪುನೀರು ಬಿಡುವ ಸಮಯ ಅವರದೇ ತೀರ್ಮಾನ. ಗಜನಿಯ ಕಟ್ಟು ಒಡೆಯಲು ರಾತ್ರೋರಾತ್ರಿ ಹೋದವರ ಕಥೆ ಊರೂರಲ್ಲಿ ಇದೆ, ಒಂದೂ ಚೆನ್ನಾಗಿ ಮುಗಿದಿಲ್ಲ.

ಲಕ್ಷಣ: ಬೆಳೆದ ಮರಗಳೇ ಒಟ್ಟಿಗೆ ಒಣಗುತ್ತಿವೆ

ಒಂದೆರಡು ಮರ ಸತ್ತರೆ ಸಿಡಿಲೋ, ವಯಸ್ಸೋ. ಒಂದು ಇಡೀ ತುಂಡು ಒಂದೇ ವರ್ಷದಲ್ಲಿ ಒಣಗಿದರೆ ಇತ್ತೀಚೆಗೆ ಏನು ಬದಲಾಯಿತು ಅಂತ ಕೇಳಿ. ಹೊಸ ರಸ್ತೆ? ಮೋರಿ ಕೆಳಗಿನ ಪೈಪು? ದೊಡ್ಡ ಉಬ್ಬರದ ದಿನ ರಸ್ತೆಯ ಎರಡೂ ಬದಿ ನಿಂತು ನೀರಿನ ಮಟ್ಟ ನೋಡಿ. ಒಂದು ಬದಿ ತುಂಬಿ, ಇನ್ನೊಂದು ಬದಿ ಹಾಗೇ ಇದ್ದರೆ ಪೈಪು ಕಟ್ಟಿದೆ, ಇಲ್ಲವೇ ಸಾಲುತ್ತಿಲ್ಲ.

ಉಪ್ಪಟಿಯ ಉಸಿರು ಬೇರು ನೋಡಿ. ಅದು ಹೂಳಿನಲ್ಲಿ ಮುಚ್ಚಿಹೋಗಿ ತುದಿ ಮಾತ್ರ ಇಣುಕುತ್ತಿದ್ದರೆ ಮರಕ್ಕೆ ಉಸಿರು ಕಟ್ಟಿದೆ. ಡ್ರೆಜ್ ಮಾಡಿದ (ನೀರಿನ ತಳದಿಂದ ತೋಡಿದ) ಮಣ್ಣು ತಂದು ಸುರಿದ ಜಾಗಗಳಲ್ಲಿ ಹೀಗಾಗುತ್ತದೆ.

ಉಪ್ಪು ಬದಲಾಗಿ ಮರದ ಜಾತಿ ಬದಲಾಗುತ್ತಿದೆಯಾ ಅಂತಲೂ ಗಮನಿಸಿ. ಅಘನಾಶಿನಿಗೆ ಅಣೆಕಟ್ಟಿಲ್ಲ, ಅಲ್ಲಿ ಬೇಸಿಗೆಗೆ ಉಪ್ಪು ಮಳೆಗಾಲಕ್ಕೆ ಸಿಹಿ ಅನ್ನುವ ಹಳೇ ಕ್ರಮ ಉಳಿದಿದೆ. ಶರಾವತಿಯಲ್ಲಿ ವಿದ್ಯುತ್ತಿಗಾಗಿ ವರ್ಷವಿಡೀ ಬಿಡುವ ನೀರಿನಿಂದ ಅಳಿವೆಯ ಉಪ್ಪು ಇಳಿದಿದೆ, ಬಳಚೂ ಕಡಿಮೆಯಾಗಿದೆ. ಎರಡೂ ಹೊಳೆಯ ನಡುವೆ ಬಸ್ಸಿನಲ್ಲಿ ಒಂದು ತಾಸಿನ ದಾರಿ ಅಷ್ಟೇ, ಆದರೆ ಅಲ್ಲಿ ಬಂದ ಸಸಿ ಇಲ್ಲಿ ಬರುತ್ತದೆ ಅನ್ನುವ ಭರವಸೆ ಇಲ್ಲ. ನೆಡುವುದಾದರೆ ಅದೇ ಹೊಳೆಯ ಕಾಯಿಯನ್ನೇ ತನ್ನಿ.

ಲಕ್ಷಣ: ಮರ ಚೆನ್ನಾಗಿದೆ, ದಡ ಮಾತ್ರ ಕುಸಿಯುತ್ತಲೇ ಇದೆ

ಮೊದಲು, ನಿಮ್ಮ ದಡ ಯಾವುದು? ಮರವಂತೆಯಲ್ಲಿ ಹೆದ್ದಾರಿ ಮೇಲೆ ನಿಂತರೆ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಹೊಳೆಬದಿಯಲ್ಲಿ ಕಾಂಡ್ಲಾ ಬೆಳೆಸಬಹುದು. ಸಮುದ್ರದ ಬದಿಯ ಮರಳಿನಲ್ಲಿ, ಮಳೆಗಾಲದ ಆ ಅಲೆಗೆ, ಅದು ಬೆಳೆಯುವುದಿಲ್ಲ. ತೆರೆದ ಕಡಲತೀರದ ಕಡಲ್ಕೊರೆತಕ್ಕೆ ಕಾಂಡ್ಲಾ ಮದ್ದು ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಅದರ ಕೆಲಸ ಅಳಿವೆಯೊಳಗೆ: ಹೊಳೆದಂಡೆ, ಕುದ್ರು (ಹೊಳೆ ನಡುವಿನ ದ್ವೀಪ), ಗಜನಿಯ ಕಟ್ಟು.

ಹೊಳೆಯೇ ಆದರೆ ಇಳಿತದಲ್ಲಿ ದೋಣಿಯಿಂದ ದಡವನ್ನು ಎದುರಿನಿಂದ ನೋಡಿ. ಗೋಡೆಯಂತೆ ನೆಟ್ಟಗೆ ಕಡಿದು, ಬೇರು ಗಾಳಿಯಲ್ಲಿ ನೇತಾಡುತ್ತಿದ್ದರೆ ಮೇಲೆ ಮರ ಇದ್ದರೂ ಬುಡ ತೋಡಿ ಹೋಗುತ್ತಿದೆ. ಹತ್ತಿರದಲ್ಲಿ ಮರಳು ತೆಗೆಯುತ್ತಾರಾ? ದೊಡ್ಡ ದೋಣಿಗಳು ವೇಗವಾಗಿ ಹೋಗುವ ದಾರಿಯಾ? ಎದುರು ದಡಕ್ಕೆ ಈಚೆಗೆ ಕಲ್ಲು ಕಟ್ಟಿದರಾ? ಹೊಳೆಯ ತಳ ಆಳವಾಗುತ್ತಿರುವಷ್ಟು ಕಾಲ ಮೇಲೆ ಎಷ್ಟು ನೆಟ್ಟರೂ ದಡ ಜಾರುತ್ತದೆ. ಕೆಸರು ಬಯಲು ಹೊಟ್ಟೆ ಉಬ್ಬಿದಂತೆ ಇದ್ದರೆ ಅಲ್ಲಿ ಮಣ್ಣು ಕೂರುತ್ತಿದೆ, ಬಾಣಲೆಯಂತೆ ಒಳಗೆ ತಗ್ಗಿದ್ದರೆ ಮಣ್ಣು ಹೋಗುತ್ತಿದೆ.

ಇಂಡೊನೇಷ್ಯಾದ ಜಾವಾದಲ್ಲಿ ದೆಮಾಕ್ ಎಂಬಲ್ಲಿ ಸಿಗಡಿ ಕೆರೆಗಾಗಿ ಕಾಂಡ್ಲಾ ಕಡಿದ ಮೇಲೆ ಸಮುದ್ರ ಊರೊಳಗೆ ಬಂತು. 2015ರಿಂದ ಅಲ್ಲಿ ಗೂಟದ ಎರಡು ಸಾಲಿನ ನಡುವೆ ಸೌದೆ ಕಟ್ಟು ತುಂಬಿಸಿ ಬೇಲಿ ಹಾಕಿದರು. ಬೇಲಿ ಅಲೆಯ ಜೋರು ಮುರಿಯುತ್ತದೆ, ನೀರು ಮತ್ತು ಕೆಸರು ಒಳಗೆ ಬರುತ್ತದೆ, ಕೆಸರು ಕೂತ ಮೇಲೆ ಕಾಂಡ್ಲಾ ಬರಬೇಕು. ಕೆಲವು ಕಡೆ ಮಣ್ಣು ಕೂತಿತು, ಸಸಿಯೂ ಬಂತು. ಆದರೆ ಆ ಭಾಗದಲ್ಲಿ ಅಂತರ್ಜಲ ಎತ್ತಿ ಎತ್ತಿ ನೆಲವೇ ಕುಸಿಯುತ್ತಿದೆ. ಕೂತ ಕೆಸರಿಗಿಂತ ಇಳಿಯುವ ನೆಲ ಮುಂದೆ ಹೋದರೆ ಬೇಲಿ ಏನು ಮಾಡೀತು? ಇಂಥ ಬೇಲಿ ನಮ್ಮ ಕೆಲವು ಹೊಳೆಬದಿಗೆ ಸರಿಹೋಗಬಹುದು. ಆದರೆ ಅದನ್ನು ನೀವೇ ನಾಲ್ಕು ಗೂಟ ಹೊಡೆದು ನೋಡುವ ಮಟ್ಟದ ಕೆಲಸ ಅಲ್ಲ. ತಪ್ಪು ಜಾಗದಲ್ಲಿ ಹಾಕಿದರೆ ಪಕ್ಕದವರ ದಡ ಕೊರೆಯುತ್ತದೆ.

ಇಲ್ಲಿಗೆ ನಿಲ್ಲಿಸಿ, ಕೇಳಿ

ಕಾಲುವೆ ತೋಡಬೇಕು, ಕಟ್ಟು ಒಡೆಯಬೇಕು, ಮಣ್ಣು ಸರಿಸಬೇಕು, ಒಂದು ಕೊಂಬೆಯಾದರೂ ಕಡಿಯಬೇಕು ಅನ್ನುವ ಹಂತ ಬಂದರೆ ನಿಲ್ಲಿಸಿ. ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಕಾಂಡ್ಲಾ ಅತಿ ಹೆಚ್ಚು ರಕ್ಷಣೆಯ 1ಎ ವರ್ಗಕ್ಕೆ ಸೇರುತ್ತದೆ. ಸಾವಿರ ಚದರ ಮೀಟರ್‌ಗಿಂತ ದೊಡ್ಡ ಕಾಂಡ್ಲಾ ಇದ್ದರೆ ಸುತ್ತ 50 ಮೀಟರ್ ಅಂಚಿಗೂ ನಿಯಮ ಇದೆ. ಅಘನಾಶಿನಿ ಅಳಿವೆ ರಾಮ್ಸರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ) ಕೂಡ. ಒಳ್ಳೇ ಉದ್ದೇಶಕ್ಕೆ ತೋಡಿದೆವು ಅನ್ನುವುದು ಉತ್ತರ ಆಗುವುದಿಲ್ಲ.

ಎರಡು ಮಳೆಗಾಲ ನೆಟ್ಟು ಎರಡೂ ಸಲ ಹೋದರೆ ಮೂರನೆಯದಕ್ಕೆ ನೆಡಬೇಡಿ. ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಗೆ ಹೋಗಿ. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ, ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜು ಇವೆ. ಬರಿಗೈಯಲ್ಲಿ ಹೋದರೆ ‘ನೋಡೋಣ’ ಅನ್ನುತ್ತಾರೆ. ಇವನ್ನು ಒಯ್ಯಿರಿ: ಒಂದೇ ಜಾಗದಲ್ಲಿ ನಿಂತು ಉಬ್ಬರ, ಇಳಿತ ಎರಡರಲ್ಲೂ ತೆಗೆದ ಫೋಟೋ, ಗೂಟದ ಲೆಕ್ಕ ಬರೆದ ಪುಸ್ತಕ, ಮಟ್ಟದ ಪೈಪಿನ ಅಳತೆ, ಬೇಸಿಗೆಯ ಉಪ್ಪಿನ ಅಳತೆ, ಕಿತ್ತು ತಂದ ಎರಡು ಸತ್ತ ಸಸಿ, ಬೇರು ಸಮೇತ, ಒದ್ದೆ ಗೋಣಿಯಲ್ಲಿ ಸುತ್ತಿ.

ಆಗುವುದಾದರೆ ಬಳಚು ಆರಿಸುವವರು ಒಬ್ಬರನ್ನೂ ಕರೆದುಕೊಂಡು ಹೋಗಿ. ನಾವು ಹೋದಾಗ ಅಧಿಕಾರಿ ಕೇಳಿದ ಹತ್ತು ಪ್ರಶ್ನೆಯಲ್ಲಿ ಏಳಕ್ಕೆ ಉತ್ತರ ಕೊಟ್ಟಿದ್ದು ಅಜ್ಜಿ. ಉಳಿದ ಮೂರು ಸರ್ವೆ ನಂಬರಿನದ್ದು.